ಕೋವಿಯ ಮರದಲ್ಲಿ ಬಿರುಕು: ಕಾರಣ, ಪರೀಕ್ಷೆ ಮತ್ತು ಸಂರಕ್ಷಣೆ

ಆಯುಧಗಳ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಕೋವಿಯ ನಳಿಗೆ, ಕುದುರೆ ಮೊದಲಾದ ಲೋಹದ ಅಂಗಗಳಿಗೆ ದೊರೆತ ಗಮನ ಅವುಗಳನ್ನು ಹೊತ್ತ ಮರಕ್ಕೆ ದೊರೆತಿಲ್ಲ. ಆದರೆ ಕೋವಿ ಎಲ್ಲಿ ಪರೀಕ್ಷಿತವಾಯಿತು, ಯಾವ ಪಡೆಯ ವಶದಲ್ಲಿತ್ತು ಎಂಬುದರ ಮುದ್ರೆಗಳು ಅನೇಕ ವೇಳೆ ಮರದ ಮೇಲೆಯೇ ಇರುತ್ತವೆ. ಬಿರುಕು ಬಿಟ್ಟ ಮರವನ್ನು ಕಿತ್ತು ಹೊಸದನ್ನು ಜೋಡಿಸಿದಾಗ ಆ ದಾಖಲೆಯೂ ಕಳೆದುಹೋಗುತ್ತದೆ. ಆದುದರಿಂದ ಬಿರುಕಿನ ಕಾರಣವನ್ನು ಅರಿಯುವುದು ಕುಶಲಕರ್ಮಿಗೆ ಎಷ್ಟು ಅಗತ್ಯವೋ ಸಂಗ್ರಹಾಲಯದ ಪಾಲಕರಿಗೂ ಅಷ್ಟೇ ಅಗತ್ಯ. ಬಿರುಕು ಬಹುಮಟ್ಟಿಗೆ ಮರದ ದೋಷವಲ್ಲ. ತೇವಾಂಶದ ಏರಿಳಿತ ಮತ್ತು ಲೋಹ-ಮರಗಳ ಹೊಂದಿಕೆಯಲ್ಲಿನ ಕೊರತೆ ಇವೆರಡರ ಫಲ. ಲೀ-ಎನ್‌ಫೀಲ್ಡ್ ರೈಫಲಿನ ನಿದರ್ಶನದಿಂದ ಇದನ್ನು ಇಲ್ಲಿ ವಿವರಿಸಲಾಗಿದೆ.

ಮರದ ಸ್ವಭಾವ

ಕೋವಿಗೆ ಅಕ್ರೋಟು ಮರವನ್ನು ಬಹುಕಾಲದಿಂದ ಆಯ್ದುಕೊಳ್ಳಲಾಗಿದೆ. ಹದವಾದ ತೂಕ, ಪೆಟ್ಟನ್ನು ತಾಳುವ ಗುಣ ಮತ್ತು ಒಣಗಿದ ಮೇಲೆ ಆಕಾರ ಕೆಡದಿರುವುದು ಇದಕ್ಕೆ ಕಾರಣ. ಆದರೂ ಯಾವ ಮರವೂ ತೇವಾಂಶಕ್ಕೆ ಹೊರತಲ್ಲ. ಮರದ ತೇವಾಂಶ ಸುಮಾರು ಶೇ. 28-30ಕ್ಕಿಂತ ಕೆಳಗಿಳಿದಾಗ ಅದು ಕುಗ್ಗತೊಡಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಮೆರಿಕದ ಕಪ್ಪು ಅಕ್ರೋಟು ಹಸಿ ಸ್ಥಿತಿಯಿಂದ ಪೂರ್ಣ ಒಣಗುವವರೆಗೆ ಬೆಳವಣಿಗೆಯ ಉಂಗುರಗಳ ಗುಂಟ ಶೇ. 7.8ರಷ್ಟು, ಉಂಗುರಗಳಿಗೆ ಅಡ್ಡಲಾಗಿ ಶೇ. 5.5ರಷ್ಟು ಕುಗ್ಗುತ್ತದೆ, ಎಳೆಗಳ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಈ ಲೆಕ್ಕದಂತೆ 40 ಮಿ.ಮೀ. ಅಗಲದ ಮರದ ತೇವಾಂಶ ಶೇ. 18ರಿಂದ ಶೇ. 10ಕ್ಕೆ ಇಳಿದರೆ ಅದು ಸುಮಾರು 0.8 ಮಿ.ಮೀ. ಕಿರಿದಾಗುತ್ತದೆ. ಒಳಗಿರುವ ಉಕ್ಕು ಮಾತ್ರ ಕುಗ್ಗುವುದಿಲ್ಲ. ಬಿಗಿಯಾಗಿ ಕೂಡಿಸಿದ್ದ ಜೋಡಣೆ ಒಂದೆಡೆ ಸಡಿಲವಾಗಿ ಮತ್ತೊಂದೆಡೆ ಒತ್ತಡಕ್ಕೆ ಒಳಗಾಗುವುದು ಹೀಗೆ.

ಲೀ-ಎನ್‌ಫೀಲ್ಡಿನ ನಿದರ್ಶನ

ಈ ರೈಫಲಿನ ಮರ ಒಂದೇ ತುಂಡಲ್ಲ. ಭುಜಕ್ಕೆ ಆನುವ ಹಿಂಗಡೆಯ ಮರ ಒಂದು, ನಳಿಗೆಯನ್ನು ಹೊತ್ತ ಮುಂಗಡೆಯ ಮರ ಇನ್ನೊಂದು. ಗುಂಡು ಹಾರಿದಾಗ ಲೋಹದ ಒಡಲು ಹಿಂದಕ್ಕೆ ಒದೆಯುತ್ತದೆ. ಮುಂಗಡೆಯ ಮರದಲ್ಲಿ ಈ ಒದೆತವನ್ನು ತಾಳುವುದು ಅದರ ಹಿಂತುದಿಯ ಒಳಭಾಗದಲ್ಲಿ ಎಡಬಲಗಳಲ್ಲಿರುವ ಎರಡು ಚಿಕ್ಕ ಆನಿಕೆಯ ಮುಖಗಳು. ಎರಡೂ ಸಮನಾಗಿ ಲೋಹವನ್ನು ತಾಕುತ್ತಿದ್ದರೆ ಮರ ದೀರ್ಘಕಾಲ ಬಾಳುತ್ತದೆ. ಒಂದು ಮಾತ್ರ ತಾಕಿದರೆ ಅದೇ ಬೆಣೆಯಂತಾಗಿ ಮರವನ್ನು ಎಳೆಗುಂಟ ಸೀಳುತ್ತದೆ.

ಈ ದುರ್ಬಲತೆಯನ್ನು ಕಾರ್ಖಾನೆಗಳು ಬಲ್ಲವಾಗಿದ್ದವು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ ಅನೇಕ ರೈಫಲುಗಳ ಮುಂಗಡೆಯ ಮರದಲ್ಲಿ ಅಡ್ಡಲಾಗಿ ತೂರಿಸಿದ ತಿರುಪೊಂದು ಕಾಣುತ್ತದೆ. ಸಂಗ್ರಾಹಕರ ನಡುವೆ ಅದು ‘ಇಷಾಪುರ ತಿರುಪು’ ಎಂದೇ ಪ್ರಸಿದ್ಧ. ಆಸ್ಟ್ರೇಲಿಯದ ಲಿತ್ಗೋ ಕಾರ್ಖಾನೆ ಸ್ಥಳೀಯ ಮೆದು ಮರಗಳನ್ನು ಬಳಸಿದಾಗ ಆನಿಕೆಯ ಮುಖಗಳಿಗೆ ತಾಮ್ರದ ತುಂಡುಗಳನ್ನು ಕೂರಿಸಿತು. ಮೊದಲನೆಯದು ಸೀಳನ್ನು ಕಟ್ಟಿಹಿಡಿಯುವ ಉಪಾಯ. ಎರಡನೆಯದು ಒತ್ತಡವನ್ನು ಹಂಚುವ ಉಪಾಯ.

ಬಿಚ್ಚುವಾಗಿನ ಅಜಾಗ್ರತೆಯಿಂದಲೂ ಇದೇ ಭಾಗ ಸೀಳುವುದುಂಟು. ಹಿಂಗಡೆಯ ಮರವನ್ನು ಹಿಡಿದಿರುವ ಉದ್ದನೆಯ ಬೋಲ್ಟಿನ ಚೌಕ ತುದಿ ಮುಂಗಡೆಯ ಮರದಲ್ಲಿನ ಲೋಹದ ತಗಡಿನೊಳಗೆ ಕೂತಿರುತ್ತದೆ. ಮುಂಗಡೆಯ ಮರವನ್ನು ಮೊದಲು ತೆಗೆಯದೆ ಆ ಬೋಲ್ಟನ್ನು ತಿರುಗಿಸಿದರೆ ಚೌಕ ತುದಿಯೇ ಮರವನ್ನು ಒಡೆಯುತ್ತದೆ.

ಬಿರುಕಿನ ಪರೀಕ್ಷೆ

ಕೋವಿಯಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಮರ ಮತ್ತು ಲೋಹಗಳನ್ನು ಬೇರ್ಪಡಿಸಿದ ಮೇಲೆಯೇ ಪರೀಕ್ಷೆ ಆರಂಭವಾಗಬೇಕು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಕೂದಲೆಳೆಯಷ್ಟು ಬಿರುಕೂ ನೆರಳಾಗಿ ಗೋಚರಿಸುತ್ತದೆ. ವೈಟ್ ಸ್ಪಿರಿಟ್ಟಿನಿಂದ ಒರೆಸಿದಾಗ ಸುತ್ತಲಿನ ಮರ ಬೇಗ ಆರಿ ಬಿರುಕಿನ ಗೆರೆ ಮಾತ್ರ ಕೆಲಕಾಲ ಕಪ್ಪಾಗಿ ಉಳಿಯುತ್ತದೆ.

ಬಿರುಕಿನ ಸ್ಥಾನ ಮತ್ತು ದಿಕ್ಕು ಅದರ ಕಾರಣವನ್ನು ಸೂಚಿಸುತ್ತವೆ. ಮರದ ಕೊಯ್ದ ತುದಿಯಿಂದ ಹೊರಟು ಎಳೆಗುಂಟ ಸಾಗುವ ಸಣ್ಣ, ಆಳವಿಲ್ಲದ ಬಿರುಕುಗಳು ಒಣಗುವಿಕೆಯಿಂದಾದವು. ಲೋಹದ ಒಡಲಿನ ಹಿಂದಿನಿಂದ ಹೊರಟ ಸೀಳು ಹಿನ್ನೊದೆತದಿಂದಾದುದು. ಅಂಥಲ್ಲಿ ಒಂದು ಆನಿಕೆಯ ಮುಖ ನುಗ್ಗಾಗಿ ಹೊಳೆಯುತ್ತದೆ, ಇನ್ನೊಂದು ತಾಕಿದ ಗುರುತಿಲ್ಲದೆ ಇರುತ್ತದೆ. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಓರೆಯಾಗಿ ಹಾಯ್ದ ಬಿರುಕು ಬೀಳಿನ ಪೆಟ್ಟಿನಿಂದ ಆಗಿರುವುದೇ ಹೆಚ್ಚು. ಮರವನ್ನು ಕೊಯ್ಯುವಾಗ ಎಳೆ ಅಡ್ಡಹಾಯ್ದಿದ್ದರೆ ಸಣ್ಣ ಪೆಟ್ಟೂ ಸಾಕು. ತಿರುಪಿನ ರಂಧ್ರದಿಂದ ಹೊರಟದ್ದು ಅತಿ ಬಿಗಿತದ ಅಥವಾ ತುಕ್ಕಿನ ಫಲ. ಲೋಹದ ಸುತ್ತ ಮರ ಕಪ್ಪಾಗಿ, ಉಗುರಿನಿಂದ ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾಗಿದ್ದರೆ ವರ್ಷಗಳಿಂದ ಇಳಿದ ಯಂತ್ರದ ಎಣ್ಣೆ ಮರವನ್ನು ದುರ್ಬಲಗೊಳಿಸಿದೆ ಎಂದು ತಿಳಿಯಬೇಕು. ಅಲ್ಲಿ ಅಂಟು ಹಿಡಿಯಲಾರದು.

ಹೊಂದಿಕೆಯನ್ನು ತಿಳಿಯಲು ಲೋಹಕ್ಕೆ ದೀಪದ ಮಸಿಯನ್ನು ತೆಳುವಾಗಿ ಸವರಿ ಮರದಲ್ಲಿ ಕೂರಿಸಿ ತೆಗೆಯುವ ಹಳೆಯ ಕ್ರಮ ಇಂದಿಗೂ ಉಪಯುಕ್ತ. ಮಸಿ ಹತ್ತಿದ ಕಡೆಯಷ್ಟೇ ಒತ್ತಡ ಬೀಳುತ್ತಿದೆ ಎಂದು ಅರಿಯಬಹುದು. ಆದರೆ ಸಂಗ್ರಹಾಲಯದ ವಸ್ತುವಿಗೆ ಇದು ತರವಲ್ಲ.

ತಡೆಯುವ ಬಗೆ

ಕೊಡಗಿನ ಮನೆಗಳಲ್ಲಿ ಈ ವಿಚಾರಕ್ಕೆ ನೇರವಾದ ಪ್ರಸ್ತುತತೆಯಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ವಿಸ್ತರಿಸಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಜೂನಿನಿಂದ ಸುರಿಯುವ ಮಳೆಗೆ ಮರ ಉಬ್ಬಿರುವ ಕಾಲವದು. ಮುಂದೆ ಬೇಸಿಗೆಯವರೆಗೆ ಅದು ಕುಗ್ಗುತ್ತ ಹೋಗುತ್ತದೆ. ಉಬ್ಬಿದಾಗ ತಿರುಪನ್ನು ಬಲವಂತವಾಗಿ ಬಿಗಿಯುವುದು, ನೆನೆದ ಕೋವಿಯನ್ನು ಒಲೆಯ ಬಳಿ ಅಥವಾ ಬಿಸಿಲಿನಲ್ಲಿ ಒಣಗಿಸುವುದು ಎರಡೂ ಅಪಾಯಕರ.

ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಬಾರಿ ಸವರುವುದರಿಂದ ತೇವಾಂಶದ ಏರಿಳಿತ ನಿಧಾನವಾಗುತ್ತದೆಯೇ ಹೊರತು ಪೂರ್ಣ ನಿಲ್ಲುವುದಿಲ್ಲ. ಕೊಯ್ದ ತುದಿಗಳು ತೇವವನ್ನು ಹೆಚ್ಚಾಗಿ ಹೀರುವುದರಿಂದ ಲೋಹದ ಅಡಿಯಲ್ಲಿ, ಹಿಂತುದಿಯ ತಗಡಿನ ಒಳಗೆ ಹಾಗೂ ರಂಧ್ರಗಳ ಒಳಮೈಗೆ ಎಣ್ಣೆ ಸವರುವುದು ಮುಖ್ಯ. ಲೋಹಕ್ಕೆ ಹಾಕಿದ ಯಂತ್ರದ ಎಣ್ಣೆ ಮರಕ್ಕೆ ಇಳಿಯದಂತೆ, ಶುಚಿಗೊಳಿಸಿದ ಕೋವಿಯನ್ನು ಕೆಲಕಾಲ ನಳಿಗೆಯ ಬಾಯಿ ಕೆಳಗಾಗುವಂತೆ ಇಡಬೇಕು. ಸಂಗ್ರಹಾಲಯಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55ರ ನಡುವೆ ಸ್ಥಿರವಾಗಿರುವುದು ಲೇಸು. ಅಂಕಿಗಿಂತಲೂ ಸ್ಥಿರತೆ ಮುಖ್ಯ.

ಬಿರುಕನ್ನು ಅಂಟಿಸುವ ಮುನ್ನ ಕಾರಣವನ್ನು ನಿವಾರಿಸಬೇಕು. ಆನಿಕೆಯ ಮುಖವನ್ನು ಸರಿಪಡಿಸದೆ ಅಂಟು ತುಂಬಿದರೆ ಅದರ ಪಕ್ಕದಲ್ಲಿ ಹೊಸ ಸೀಳು ಹುಟ್ಟುವುದು ಸಹಜ. ಬಿರುಕು ಬಿಟ್ಟ ಕೋವಿಯಿಂದ ಗುಂಡು ಹಾರಿಸಲೇಬಾರದು. ಪ್ರದರ್ಶನದ ವಸ್ತುವಾದರೆ ಮುಂದೆ ಬಿಡಿಸಲು ಬರುವ ಸರೇಸನ್ನು ಬಳಸುವುದು ಯುಕ್ತ. ಬಿರುಕಿನ ಸ್ಥಾನ, ಉದ್ದ, ದಿಕ್ಕುಗಳನ್ನು ಛಾಯಾಚಿತ್ರದೊಡನೆ ಮೊದಲೇ ದಾಖಲಿಸಬೇಕು. ಆ ಕೋವಿ ಹೇಗೆ ಬಳಕೆಯಾಯಿತು, ಯಾವ ಹವೆಯಲ್ಲಿ ಉಳಿಯಿತು ಎಂಬುದಕ್ಕೆ ಬಿರುಕೂ ಒಂದು ಆಧಾರವೇ. ಮರವನ್ನು ಬದಲಿಸುವುದು ಅನಿವಾರ್ಯವಾದರೂ ಮುದ್ರೆಗಳಿರುವ ಹಳೆಯ ತುಂಡನ್ನು ಅದೇ ಕೋವಿಯ ಸಂಖ್ಯೆಯಡಿ ಕಾದಿಡುವುದು ಸಂಶೋಧನೆಯ ದೃಷ್ಟಿಯಿಂದ ಅತ್ಯವಶ್ಯ.