ನೋವಿಲ್ಲದ ಕಾಮಾಲೆ

ಥಾಯ್ಲೆಂಡಿನ ಈಶಾನ್ಯ ಭಾಗದ ಇಸಾನ್ ಸೀಮೆಯವರಿಗೆ ‘ಕೋಯ್ ಪ್ಲಾ’ ಎಂದರೆ ಪ್ರಾಣ. ಹೊಳೆ, ಕೆರೆಗಳ ಮೀನನ್ನು ಬೇಯಿಸದೆ ಕೊಚ್ಚಿ, ನಿಂಬೆರಸ, ಮೆಣಸಿನಕಾಯಿ, ಸೊಪ್ಪು ಕಲಸಿ ತಿನ್ನುವ ತಿನಿಸು ಅದು. ಆ ಹಸಿ ಮೀನಿನೊಳಗಿರುವ ಹುಳುವಿನ ಮರಿ ನಿಂಬೆಯ ಹುಳಿಗೆ ಸಾಯುವುದಿಲ್ಲ. ತಿಂದವರ ಕರುಳಿನಿಂದ ಪಿತ್ತನಾಳಕ್ಕೆ ಏರಿ, ಒಂದು ಸೆಂಟಿಮೀಟರ್ ಆಸುಪಾಸಿನ ಚಪ್ಪಟೆ ಹುಳುವಾಗಿ ಬೆಳೆದು, ವರ್ಷಗಟ್ಟಲೆ ಅಲ್ಲೇ ಬದುಕುತ್ತದೆ. ನಾಳದ ಒಳಪದರ ಕೆರಳುತ್ತದೆ, ಮಾಯುತ್ತದೆ, ಮತ್ತೆ ಕೆರಳುತ್ತದೆ. ದಶಕಗಳು ಕಳೆದ ಮೇಲೆ ಕೆಲವರಲ್ಲಿ ಅದೇ ಕ್ಯಾನ್ಸರ್ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಈ ಹುಳುವಿನ ಸೋಂಕನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಜಗತ್ತಿನಲ್ಲೇ ಪಿತ್ತನಾಳದ ಕ್ಯಾನ್ಸರ್ ಅತಿ ಹೆಚ್ಚು ಕಂಡಿರುವುದು ಇಸಾನಿನ ಖೋನ್ ಕೇನ್ ಪ್ರಾಂತದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಲಿವರ್ ಶಸ್ತ್ರಚಿಕಿತ್ಸಕ ನರೋಂಗ್ ಖುಂಟಿಕಿಯೋ ಅವರ ತಂದೆ, ತಾಯಿ ಇಬ್ಬರೂ ಇದೇ ರೋಗಕ್ಕೆ ಬಲಿಯಾದವರು. ಅವರೂ ಅವರ ಸಂಗಡಿಗರೂ ಸ್ಕ್ಯಾನಿಂಗ್ ಯಂತ್ರಗಳನ್ನು ಹಳ್ಳಿಗಳಿಗೇ ಕೊಂಡೊಯ್ದರು. ಕಾಯಿಲೆ ಹಾಸಿಗೆ ಹಿಡಿಸುವ ಮೊದಲೇ ಅದನ್ನು ಹುಡುಕಬೇಕೆಂಬ ಆ ಹಟ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹುಳು ಕೊಲ್ಲಲು ಪ್ರಾಜಿಕ್ವಾಂಟೆಲ್ ಮಾತ್ರೆ ಇದೆ. ಆದರೆ ಮತ್ತೆ ಹಸಿ ಮೀನು ತಿಂದರೆ ಮತ್ತೆ ಹುಳು.

ನಮ್ಮಲ್ಲಿ ಮೀನು ಬೇಯದೆ ತಟ್ಟೆಗೆ ಬರುವುದಿಲ್ಲ, ಆ ಹುಳು ನಮ್ಮ ಚಿಂತೆಯಲ್ಲ. ಆದರೆ ಹುಳುವೊಂದೇ ಕಾರಣವಲ್ಲ: ಪಿತ್ತನಾಳದ ಹಳೆಯ ಕಲ್ಲು, ಹುಟ್ಟಿನಿಂದ ಬಂದ ನಾಳದ ಊತ, ನಾಳಗಳು ಗಡುಸಾಗಿ ಕಿರಿದಾಗುವ ಒಂದು ದೀರ್ಘ ಕಾಯಿಲೆ, ಹೆಪಟೈಟಿಸ್ ಬಿ ಮತ್ತು ಸಿ ಕೂಡ ಈ ಕ್ಯಾನ್ಸರ್‌ಗೆ ದಾರಿ ಮಾಡಬಲ್ಲವು. ಎಷ್ಟೋ ರೋಗಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ನಮ್ಮ ಚಿಂತೆ ಬೇರೆಯದು: ತಡ. ಕಣ್ಣು ಹಳದಿಯಾದರೆ ಸಾಕು, ನೆಲನೆಲ್ಲಿಯ ರಸ, ಪಥ್ಯ, ಪಕ್ಕದೂರಿನಲ್ಲಿ ಕಾಮಾಲೆಗೆ ಬೇರು ಕೊಡುವವರ ಮನೆ. ವೈರಸ್ಸಿನಿಂದ ಬಂದ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುವುದರಿಂದ ಆ ಔಷಧಕ್ಕೆ ಹೆಸರು ಬರುತ್ತದೆ. ನಾಳವೇ ಮುಚ್ಚಿಹೋಗಿ ಬಂದ ಕಾಮಾಲೆ ಹಾಗೆ ಇಳಿಯದು.

ಲಿವರಿನೊಳಗೆ ಪಿತ್ತನಾಳಗಳು ಮರದ ರೆಂಬೆಗಳಂತೆ ಹರಡಿ, ಕೊನೆಗೆ ಒಂದೇ ಕಾಂಡವಾಗಿ ಸಣ್ಣಕರುಳಿಗೆ ಸೇರುತ್ತವೆ. ಲಿವರಿನ ಹೊರಗಿನ ಈ ನಾಳದಲ್ಲಿ ಗಡ್ಡೆ ಬೆಳೆದರೆ ಪಿತ್ತ ಹಿಂದಕ್ಕೆ ಒತ್ತಿ ರಕ್ತ ಸೇರುತ್ತದೆ. ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಮಲ ಸುಣ್ಣದಂತೆ ಬಿಳಿಚುತ್ತದೆ, ರಾತ್ರಿ ನಿದ್ದೆಗೆಡಿಸುವಷ್ಟು ಮೈ ತುರಿಸುತ್ತದೆ, ತೂಕ ಇಳಿಯುತ್ತದೆ. ನೋವು ಮಾತ್ರ ಹೆಚ್ಚಾಗಿ ಇರುವುದಿಲ್ಲ, ಅದರಿಂದಲೇ ಮನೆಯವರು ನಿಶ್ಚಿಂತರಾಗುತ್ತಾರೆ. ಈ ಲಕ್ಷಣಗಳಿದ್ದರೆ ಆ ವಾರದಲ್ಲೇ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಲಿವರಿನ ಒಳಗಿನ ರೆಂಬೆಗಳಲ್ಲಿ ಗಡ್ಡೆ ಹುಟ್ಟಿದರೆ ಕಾಮಾಲೆಯೂ ಇಲ್ಲದೆ ಬಹಳ ಕಾಲ ಅಡಗಿರಬಹುದು.

ಮುಂದಿನ ಹಂತ ಸಿಟಿ ಮತ್ತು ನಾಳಗಳ ಎಂಆರ್‌ಐ. ನಾಳ ತೆರೆಯಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುವ ಮೊದಲೇ ಈ ಚಿತ್ರಗಳು ಆದರೆ ಒಳ್ಳೆಯದು. ಆಮೇಲೆ ಗಡ್ಡೆಯ ಅಂಚು ಸ್ಪಷ್ಟವಾಗಿ ಕಾಣುವುದಿಲ್ಲ. ಎಂಡೋಸ್ಕೋಪಿಯಲ್ಲಿ ಸಣ್ಣ ಬ್ರಷ್‌ನಿಂದ ಜೀವಕೋಶ ತೆಗೆದು ನೋಡುತ್ತಾರೆ. ಗಡ್ಡೆ ನಾರಿನಂತೆ ಗಟ್ಟಿಯಾಗಿರುವುದರಿಂದ ಅದರಲ್ಲಿ ಏನೂ ಸಿಗದೆಯೂ ಹೋಗಬಹುದು. ‘ಬ್ರಷ್ ವರದಿ ನಾರ್ಮಲ್’ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು. ಇನ್ನೊಂದೆಡೆ ಕ್ಯಾನ್ಸರಿನಂತೆಯೇ ಕಾಣುವ, ಸ್ಟಿರಾಯ್ಡ್‌ಗೆ ಕರಗುವ ಉರಿಯೂತವೂ ಉಂಟು. ಆದ್ದರಿಂದ ಈ ರೋಗವನ್ನು ಆಗಾಗ ನೋಡಿ ಬಲ್ಲ ತಂಡದ ಕಣ್ಣಿಗೆ ಬೀಳುವುದು ಮುಖ್ಯ.

ಗುಣವಾಗುವ ದಾರಿ ಶಸ್ತ್ರಚಿಕಿತ್ಸೆ. ನಾಳಗಳು ಕೂಡುವ ಜಾಗದ ಗಡ್ಡೆಗೆ ಅರ್ಧ ಲಿವರನ್ನೇ ತೆಗೆಯಬೇಕಾಗಬಹುದು. ಉಳಿಯುವ ಭಾಗ ಚಿಕ್ಕದೆನಿಸಿದರೆ, ತೆಗೆಯಲಿರುವ ಭಾಗದ ರಕ್ತನಾಳ ಮುಚ್ಚಿ, ಉಳಿಯುವುದು ಬೆಳೆಯಲೆಂದು ಕೆಲವು ವಾರ ಕಾಯುತ್ತಾರೆ. ಲಿವರಿಗೆ ಹಾಗೆ ಬೆಳೆಯುವ ಶಕ್ತಿ ಇದೆ. ಆದರೆ ಬಹುಪಾಲು ರೋಗಿಗಳು ಬರುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಅಂಥವರಿಗೆ ಜೆಮ್‌ಸಿಟಾಬಿನ್, ಸಿಸ್ಪ್ಲಾಟಿನ್ ಎಂಬ ಎರಡು ಔಷಧಿಗಳ ಜೋಡಿ. 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಒಂದೇ ಔಷಧಿ ಪಡೆದವರ ಮಧ್ಯಮ ಆಯಸ್ಸು 8.1 ತಿಂಗಳಿದ್ದರೆ, ಜೋಡಿ ಪಡೆದವರದು 11.7 ತಿಂಗಳು. ಇತ್ತೀಚೆಗೆ ಇದಕ್ಕೆ ಇಮ್ಯುನೊಥೆರಪಿಯೂ ಸೇರಿದೆ. ಲಿವರಿನೊಳಗಿನ ಕೆಲವು ಗಡ್ಡೆಗಳಲ್ಲಿ ಎಫ್‌ಜಿಎಫ್‌ಆರ್2, ಐಡಿಎಚ್1 ಎಂಬ ಜೀನ್‌ಗಳು ಬದಲಾಗಿರುತ್ತವೆ, ಅವಕ್ಕೆ ಗುರಿಯಿಟ್ಟ ಮಾತ್ರೆಗಳಿವೆ. ಬಯಾಪ್ಸಿಯ ತುಣುಕಿನ ಮೇಲೆ ಜೀನ್ ಪರೀಕ್ಷೆ ಆಗಬಹುದೇ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ.

ಗುಣವಾಗದ ಹಂತದಲ್ಲೂ ಮಾಡುವುದು ಬಹಳಷ್ಟಿದೆ. ಸ್ಟೆಂಟ್ ಹಾಕಿ ಪಿತ್ತ ಹರಿದರೆ ತುರಿಕೆ ತಗ್ಗುತ್ತದೆ, ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಪ್ಲಾಸ್ಟಿಕ್ ಸ್ಟೆಂಟ್ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಲೋಹದ್ದು ಹೆಚ್ಚು ಕಾಲ ಬಾಳುತ್ತದೆ. ಸ್ಟೆಂಟ್ ಇರುವವರಿಗೆ ಚಳಿ ನಡುಕದೊಂದಿಗೆ ಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ ನಾಳದಲ್ಲಿ ಸೋಂಕಾಗಿರಬಹುದು. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎನ್ನದೆ ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.