ಬೆಂಗಳೂರಿನ ಸಂಬಳ, ಮಂಡ್ಯದ ಲೆಕ್ಕ

ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿದ್ದು 1962ರಲ್ಲಿ. ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ತಲೆಯೆತ್ತಿದ ಆ ಕಾಲೇಜಿನಿಂದಾಗಿ ಕಬ್ಬು, ಭತ್ತ ಬೆಳೆಯುವ ಮನೆಗಳ ಮಕ್ಕಳು ಊರ ಹತ್ತಿರವೇ ಎಂಜಿನಿಯರ್ ಆಗುವಂತಾಯಿತು. ಕಂಪ್ಯೂಟರ್ ಓದಿದವರಿಗೆ ಕೆಲಸ ಮಾತ್ರ ಊರ ಹತ್ತಿರ ಸಿಗಲಿಲ್ಲ. ಇವತ್ತಿಗೂ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹುಡುಗ ಹುಡುಗಿಯರು ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾದರೆ ಮನೆಯವರು ಮೊದಲು ಕೇಳುವುದು ಪ್ಯಾಕೇಜ್ ಎಷ್ಟು ಅಂತ. ಬೆಂಗಳೂರಿನಲ್ಲಿ ಉಳಿದುಕೊಳ್ಳುವುದೆಲ್ಲಿ ಎಂಬ ಪ್ರಶ್ನೆ ಏಳುವುದು ಆಮೇಲೆ, ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಾಗ. ಈ ಎರಡನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಹಾಕಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮೊದಲ ಎರಡು ಮೂರು ವರ್ಷ ಬೆಂಗಳೂರಿನ ಆ ನೌಕರಿಯ ಖರ್ಚಿನಲ್ಲಿ ಒಂದು ಪಾಲನ್ನು ಹೊರುವುದು ಹಳ್ಳಿಯ ಮನೆ. ಆ ಹೊರೆಯನ್ನು ಇಳಿಸಬಲ್ಲದ್ದು ಹೊತ್ತಿಗೆ ಸರಿಯಾಗಿ ಓಡುವ, ಕಂಪನಿಗಳಿರುವ ದಿಕ್ಕಿಗೇ ಹೋಗುವ ರೈಲು ಎಂದು ನಾನು ನಂಬಿದ್ದೇನೆ.

ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 29 ಸಾವಿರ ಚಿಲ್ಲರೆ. ಅದರೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ವರ್ಷದ ಕೊನೆಗೆ ಬಂದರೆ ಬಂತು ಎನ್ನುವ ಮೊತ್ತ ಎಲ್ಲವೂ ಸೇರಿರುತ್ತವೆ. ಕೈಗೆ ಬರುವುದು 25 ಸಾವಿರ ದಾಟುವುದು ಕಷ್ಟ. ಇಬ್ಬರು ಗೆಳೆಯರು ಸೇರಿ ತಿಂಗಳಿಗೆ 15 ಸಾವಿರದ ಮನೆ ಹಿಡಿದರು ಎನ್ನಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ವಾಡಿಕೆ ಬೆಂಗಳೂರಿನಲ್ಲಿ ಇನ್ನೂ ಹೋಗಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾನೂನಾಗಿ ತಂದರೆ ಮಾತ್ರ ಜಾರಿ. ಹತ್ತು ತಿಂಗಳೆಂದರೆ ಒಂದೂವರೆ ಲಕ್ಷ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ, ಶೇ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಆ ಅಡ್ವಾನ್ಸ್ ಹೊಂದಿಸಲು 42 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಬಂದರೆ ಒಳ್ಳೆಯ ಬೆಳೆ ಎನ್ನುವ ಸೀಮೆಯಲ್ಲಿ, ಕಟಾವು, ಸಾಗಣೆ, ಗೊಬ್ಬರ ಯಾವುದನ್ನೂ ಕಳೆಯದೆ ಒಂದು ಎಕರೆಯ ಇಡೀ ವರ್ಷದ ಫಸಲು ಒಂದು ಬಾಡಿಗೆ ಮನೆಯ ಬಾಗಿಲಲ್ಲಿ ಬಡ್ಡಿಯಿಲ್ಲದೆ ಕೂರುತ್ತದೆ. ಮನೆ ಬಿಡುವಾಗ ಬಣ್ಣ ಬಳಿಸಲು ಅಂತ ಒಂದು ತಿಂಗಳ ಬಾಡಿಗೆಯನ್ನೂ ಅದರಲ್ಲೇ ಮುರಿದುಕೊಳ್ಳುತ್ತಾರೆ. ಇದರ ಮೇಲೆ ಹಣ ಬರುವ ಹೊತ್ತೇ ಬೇರೆ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ. ಕಬ್ಬು ತಂದ 14 ದಿನದೊಳಗೆ ಬಟವಾಡೆ ಆಗಬೇಕು ಎಂದು 1966ರ ನಿಯಂತ್ರಣ ಆದೇಶ ಹೇಳಿದರೂ ತಿಂಗಳುಗಟ್ಟಲೆ ಕಾದ ಅನುಭವ ಬೆಳೆಗಾರರಿಗೆ ಇದ್ದೇ ಇದೆ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಐದನೇ ತಾರೀಖಿನೊಳಗೆ ಸಲ್ಲಬೇಕು. ನಡುವಿನ ಕೊರತೆ ತುಂಬಲು ಚಿನ್ನ ಅಡವಾಗುತ್ತದೆ, ಇಲ್ಲವೇ ಸಂಘದ ಸಾಲ ಬರುತ್ತದೆ.

ಅಡ್ವಾನ್ಸ್ ಹೊಂದಿಸಲಾಗದವರಿಗೆ ಪಿಜಿ ಇದೆ. ಮಾರತ್ತಹಳ್ಳಿ, ಬೆಳ್ಳಂದೂರಿನ ಕಡೆ ಒಂದು ಕೋಣೆಗೆ ಮೂರು ಮಂಚ, ಗೋಡೆಗೆ ಒತ್ತಿದ ಕಬ್ಬಿಣದ ಬೀರು, ಮಂಚದ ಕೆಳಗೆ ಊರಿಂದ ಬಂದ ಚೀಲ. ಬೆಳಿಗ್ಗೆ ಚಿತ್ರಾನ್ನವೋ ಇಡ್ಲಿಯೋ, ರಾತ್ರಿ ಅನ್ನ ಸಾರು; ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಅದು ಸಾಲದೆ ಹೊರಗಿನ ಊಟದ ಖರ್ಚು ಸಣ್ಣಗೆ ಏರುತ್ತದೆ. ನೆಂಟರ ಮನೆಯಲ್ಲಿ ಇರಬಹುದಲ್ಲ ಎನ್ನುವವರಿದ್ದಾರೆ. ಹಿಂದೆ ಅದು ನಡೆಯುತ್ತಿತ್ತು. ಈ ಸೀಮೆಯಿಂದ ಕಾರ್ಖಾನೆ, ಸಾರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ತಲೆಮಾರು ಬಹುಮಟ್ಟಿಗೆ ನೆಲೆಯಾದದ್ದು ಮೈಸೂರು ರಸ್ತೆ, ಮಾಗಡಿ ರಸ್ತೆ, ವಿಜಯನಗರ, ಕೆಂಗೇರಿ ಕಡೆ, ಅಂದರೆ ಊರಿನ ಪಡುವಣ ಮಗ್ಗುಲಲ್ಲಿ. ಐಟಿ ಬೆಳೆದದ್ದು ಮೂಡಣದ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ, ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಚಿಕ್ಕಪ್ಪನ ಮನೆ ವಿಜಯನಗರದಲ್ಲಿದ್ದರೂ ವೈಟ್‌ಫೀಲ್ಡಿನ ಕೆಲಸಕ್ಕೆ ಅದು ದಿನಾ ಹೋಗಿಬರುವಷ್ಟು ಹತ್ತಿರದ್ದಲ್ಲ. ಹಿಂದಿನವರಿಗೆ ಆಸರೆಯಾದ ನೆಂಟಸ್ತನದ ಬಲ ಈ ತಲೆಮಾರಿಗೆ ದಕ್ಕದಿರುವುದಕ್ಕೆ ಮನಸ್ಸು ಕಿರಿದಾದದ್ದಕ್ಕಿಂತ ನಗರದ ಈ ಭೂಗೋಳವೇ ಹೆಚ್ಚು ಕಾರಣ.

ಈ ಲೆಕ್ಕಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಸಂಬಳ ಅಲ್ಲೇ ನಿಲ್ಲುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಕಂಪನಿ ಬದಲಿಸಿದವರ ಸಂಬಳ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗುತ್ತದೆ. ಹಾಗೆ ಬದಲಿಸಲು ನೂರಾರು ಕಂಪನಿಗಳು ಒಂದೇ ಊರಿನಲ್ಲಿರಬೇಕು. ಆದ್ದರಿಂದ ಮೊದಲ ವರ್ಷಗಳ ಕಷ್ಟವನ್ನು ಬಿತ್ತನೆಯ ಖರ್ಚೆಂದು ತಿಳಿಯಬೇಕು. ಈ ಮಾತನ್ನು ನಾನು ಒಪ್ಪುತ್ತೇನೆ. ಬೆಂಗಳೂರಿಗೆ ಹೋಗಬೇಡಿ ಎನ್ನುವುದು ಈ ಲೇಖನದ ಉದ್ದೇಶವೇ ಅಲ್ಲ. ಆದರೆ ಬಿತ್ತನೆಯ ಖರ್ಚು ಎಲ್ಲ ಮನೆಗೂ ಒಂದೇ ತೂಕದ್ದಲ್ಲ. ನಾಲ್ಕು ಎಕರೆ ನಾಲೆ ನೀರಾವರಿ, ಒಂದು ಸರ್ಕಾರಿ ಸಂಬಳ ಇರುವ ಮನೆಯ ಮಗ ಎರಡು ವರ್ಷ ತಾಳಿಕೊಂಡು, ಒಳ್ಳೆಯ ಕೋರ್ಸ್ ಮಾಡಿ, ಸರಿಯಾದ ಕೆಲಸ ಸಿಗುವವರೆಗೆ ಕಾಯಬಲ್ಲ. ಮಳೆ ನಂಬಿದ ಹೊಲದ ಮನೆಯ ಮಗಳು ಸಿಕ್ಕಿದ ಮೊದಲ ಕೆಲಸಕ್ಕೆ, ಬಾಂಡ್ ಬರೆಸಿಕೊಂಡರೂ, ಸೇರಬೇಕಾಗುತ್ತದೆ. ಓದಿನ ಸಾಲದ ಕಂತೂ ಆಗಲೇ ಶುರುವಾಗಿರುತ್ತದೆ. ಇಬ್ಬರ ಅಂಕಪಟ್ಟಿಯೂ ಒಂದೇ ಇರಬಹುದು. ಐದು ವರ್ಷದ ಮೇಲೆ ಅವರ ನಡುವೆ ಕಾಣುವ ಅಂತರಕ್ಕೆ ಬುದ್ಧಿಯ ಹೆಸರು ಕೊಡುತ್ತೇವೆ. ಅದನ್ನು ಬಹುಪಾಲು ನಿರ್ಧರಿಸಿದ್ದು ನಗರದ ಬಾಡಿಗೆ.

ಇನ್ನು ಹೆದ್ದಾರಿ ಬಂದಿದೆಯಲ್ಲ ಎಂಬ ಮಾತು. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ನಡೆದದ್ದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ, 2023ರ ಮಾರ್ಚ್ 12ರಂದು. ಕಾರಿದ್ದವರಿಗೆ ಅದು ನಿಜವಾಗಿಯೂ ದೂರ ತಗ್ಗಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದವರ ಬಳಿ ಇರುವುದು ಬೈಕು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಅಪಘಾತಗಳ ಸಂಖ್ಯೆ ನೋಡಿದರೆ ಆ ನಿಷೇಧ ಸರಿಯಾದದ್ದೇ. ಟೋಲು, ಪೆಟ್ರೋಲು ಭರಿಸಿ ಕೆಂಗೇರಿ ತಲುಪಿದರೂ ನಗರ ದಾಟುವುದು ಇನ್ನೂ ಬಾಕಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ, ಅದು ಸಣ್ಣ ಉಳಿತಾಯವಲ್ಲ. ಆದರೆ ಬಸ್ಸೂ ಮೈಸೂರು ರಸ್ತೆಯ ಅದೇ ಟ್ರಾಫಿಕ್ಕಿನಲ್ಲಿ ನಿಲ್ಲಬೇಕು.

ರೈಲಿನ ಕಥೆ ಬೇರೆ. ಬೆಂಗಳೂರಿನಿಂದ ಹಳಿಯ ಮೇಲೆ ಮದ್ದೂರು 74, ಮಂಡ್ಯ 93 ಕಿ.ಮೀ. ಮಾಸಿಕ ಪಾಸಿಗೆ ರೈಲ್ವೆ ಇಟ್ಟಿರುವ ಮಿತಿ 150 ಕಿ.ಮೀ.; ಹಾಗಾಗಿ ಎರಡೂ ಊರು ಅದರೊಳಗೇ ಬರುತ್ತವೆ, ಪಾಸಿನ ದರ ಪಿಜಿ ಬಾಡಿಗೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಜೋಡಿ ಹಳಿ ಹಾಕಲು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯನ್ನೇ 2017ರಲ್ಲಿ ಬುಡಸಮೇತ ಸರಿಸಿದರು. ಮಾರ್ಗ ವಿದ್ಯುದೀಕರಣವೂ ಆಗಿದೆ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸಿನವರು ತುಂಬಿ ಹೋಗುವುದು ಹೊಸದೇನಲ್ಲ. ಆ ಓಡಾಟ ರೂಪುಗೊಂಡದ್ದು ಮೆಜೆಸ್ಟಿಕ್, ವಿಧಾನಸೌಧದ ಸುತ್ತಲಿನ ಕಚೇರಿಗಳಿಗೆ. ವೈಟ್‌ಫೀಲ್ಡ್ ಅಲ್ಲಿಂದ ಇನ್ನೂ ಸುಮಾರು 25 ಕಿ.ಮೀ. ಆಚೆ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ಣಗೊಂಡಾಗ ಮೊದಲ ಬಾರಿಗೆ ಮಂಡ್ಯದ ಹುಡುಗ ಸಿಗ್ನಲ್ಲಿಗೆ ಸಿಕ್ಕದೆ ಕೆಲಸದ ಜಾಗ ತಲುಪುವಂತಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿ ಆ ಸುಖದಲ್ಲಿ ಒಂದಷ್ಟನ್ನು ವಾಪಸು ಕಿತ್ತುಕೊಂಡಿತು.

ದಿನಾ ಹೋಗಿ ಬರುವುದು ಮೈ ಹಣ್ಣಾಗಿಸುವ ಕೆಲಸ, ನಿಜ. ಹೋಗುತ್ತ ಬರುತ್ತ ಐದಾರು ಗಂಟೆ ಕಳೆದವನು ಹೊಸದೇನನ್ನು ಕಲಿತಾನು? ಅದಕ್ಕೇ ರೈಲಿನ ವಾದ ಕಚೇರಿಗೆ ಹೋಗಬೇಕಾದ ದಿನಗಳ ಲೆಕ್ಕದೊಂದಿಗೆ ಬೆಸೆದುಕೊಂಡಿದೆ. ಕೋವಿಡ್ ಕಾಲದಲ್ಲಿ ಐಟಿ ನೌಕರರು ಊರಿಗೆ ಮರಳಿ, ಜಗಲಿಯ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಕರೆಂಟು ಹೋದಾಗ ಯುಪಿಎಸ್ ಹಾಕಿಕೊಂಡು ಕೆಲಸ ಮಾಡಿದರು. ಕಂಪನಿಗಳ ಕೆಲಸ ನಿಲ್ಲಲಿಲ್ಲ. ಹೊಸಬರು ಹಿರಿಯರ ಪಕ್ಕ ಕೂತು ಕಲಿಯಬೇಕು ಎಂಬ ಕಂಪನಿಗಳ ಮಾತಿನಲ್ಲಿ ಹುರುಳಿದೆ. ಆದರೆ ವಾರಕ್ಕೆ ಮೂರು ದಿನ ಪಕ್ಕ ಕೂತರೂ ಕಲಿಯಬಹುದು. ಮೂರು ದಿನವಾದರೆ ಮದ್ದೂರಿನಿಂದ ಓಡಾಡುವುದು ತಾಳಬಲ್ಲ ಶ್ರಮ, ಐದು ದಿನವಾದರೆ ಆಗದ ಮಾತು. ಸಂದರ್ಶನದ ದಿನವೇ ಕೆಲಸ ಯಾವ ಬಡಾವಣೆಯಲ್ಲಿ, ವಾರಕ್ಕೆ ಎಷ್ಟು ದಿನ ಬರಬೇಕು, ಯಾವ ಪಾಳಿ ಎಂದು ಕೇಳಿ ತಿಳಿಯುವಂತೆ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಮಕ್ಕಳನ್ನು ತಯಾರು ಮಾಡಬೇಕು. ಪ್ಯಾಕೇಜಿನ ಅಂಕಿಯಷ್ಟೇ ಬೆಲೆ ಈ ಉತ್ತರಗಳಿಗೂ ಇದೆ.

ಕಂಪನಿಗಳೇ ಇತ್ತ ಬರಲಿ ಎನ್ನುವವರು ಮೈಸೂರನ್ನು ತೋರಿಸುತ್ತಾರೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್‌ನ ‘ಬಿಯಾಂಡ್ ಬೆಂಗಳೂರು’ ಯೋಜನೆಯಲ್ಲಿ ಮೈಸೂರಿಗೆ ಮೊದಲ ಸಾಲಿನ ಸ್ಥಾನವಿದೆ, ಮಂಡ್ಯದಿಂದ ಅದು ಸುಮಾರು 45 ಕಿ.ಮೀ. ಅಲ್ಲಿ ಸಿಗುವ ಪ್ರತಿಯೊಂದು ಕೆಲಸವೂ ಸ್ವಾಗತಾರ್ಹ. ಆದರೂ ಬೆಂಗಳೂರಿನಷ್ಟು ಅವಕಾಶ ಮೈಸೂರಿನಲ್ಲಿ ಸದ್ಯಕ್ಕೆ ಹುಟ್ಟುವುದಿಲ್ಲ. ಅದಕ್ಕಾಗಿ ಕಾಯುತ್ತ ಕೂರುವಷ್ಟು ವಯಸ್ಸು ಈಗಿನ ಮಕ್ಕಳಿಗಿಲ್ಲ.

ಬೆಂಗಳೂರು ಬೆಳೆದದ್ದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಋಣ ದೊಡ್ಡದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು 1974ರಿಂದ ರಾಜಧಾನಿಗೆ ಏರುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಬೆಂಗಳೂರು ಐಟಿ ನಗರವೆಂದು ಜಗತ್ತಿಗೆ ಪರಿಚಯವಾದ 1999–2004ರ ಅವಧಿಯಲ್ಲಿ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಸುಮಾರು ನೂರು ಕಿ.ಮೀ. ದೂರ, ಅರ್ಧ ಕಿ.ಮೀ.ನಷ್ಟು ಎತ್ತರಕ್ಕೆ ನೀರೇರಿಸುವ ಹಣ, ಜಾಣ್ಮೆ ಎರಡೂ ಇರುವ ಸರ್ಕಾರಗಳಿಗೆ ಬೆಳಿಗ್ಗೆ ಆರಕ್ಕೆ ಮಂಡ್ಯ ಬಿಟ್ಟು ಒಂಬತ್ತರೊಳಗೆ ನೇರ ವೈಟ್‌ಫೀಲ್ಡ್ ಮುಟ್ಟುವ ಮೆಮು ರೈಲು ಓಡಿಸುವುದು ಹೊರೆಯಾಗಬಾರದು. ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದರ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗ ನಮ್ಮ ಮೂರು ತಾಲ್ಲೂಕುಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಮಂಡ್ಯದ ಜನಪ್ರತಿನಿಧಿಗಳು ಅದನ್ನು ಬೆಂಗಳೂರಿನ ವಿಷಯವೆಂದು ಬಿಟ್ಟುಕೊಡಬಾರದು. ಮಳವಳ್ಳಿಗಂತೂ ರೈಲೇ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿ ಕಾಗದದಲ್ಲಿ ಉಳಿದಿದೆ. ಅಲ್ಲಿನ ಎಂಜಿನಿಯರ್ ಇಂದಿಗೂ ಬಸ್ಸು ಹಿಡಿದು ಮದ್ದೂರಿಗೆ ಬಂದು ರೈಲು ಹತ್ತಬೇಕು, ಇಲ್ಲವೇ ಹಲಗೂರು, ಸಾತನೂರಿನ ದಾರಿಯಲ್ಲಿ ಕನಕಪುರ ರಸ್ತೆಗೆ ಬೀಳಬೇಕು. ಮುಂದಿನ ಕೇಂದ್ರ ಬಜೆಟ್‌ನ ರೈಲ್ವೆ ಚರ್ಚೆಯಲ್ಲಿ ಕೇಳಬೇಕಾದ ಮೊದಲ ಹೆಸರು ಆ ಮಾರ್ಗದ್ದು.