ಮೇಲ್ಮೈಯ ಮಾಪನ: ಎಮಲ್ಷನ್‌ಗಳು ಮತ್ತು ಸರಂಧ್ರ ವಸ್ತುಗಳು

ವಸ್ತುವಿನ ತೂಕವನ್ನು ತಕ್ಕಡಿಯಿಂದ ತಿಳಿಯಬಹುದು. ಅದರ ಒಳಮೈಯ ವಿಸ್ತೀರ್ಣವನ್ನು ಹಾಗೆ ನೇರವಾಗಿ ತಿಳಿಯಲಾಗದು. ಎಮಲ್ಷನ್ನಿನ ಹನಿಗಳ ಗಡಿಯಾಗಲಿ, ಇದ್ದಿಲಿನ ರಂಧ್ರಗಳ ಗೋಡೆಯಾಗಲಿ, ಅಳತೆಗೆ ಒದಗುವುದು ಒಂದು ಸೈದ್ಧಾಂತಿಕ ಮಾದರಿಯ ಮೂಲಕವೇ. ಆ ಮಾದರಿಯ ಪೂರ್ವಕಲ್ಪನೆಗಳನ್ನು ನಮೂದಿಸದ ಸಂಖ್ಯೆ ಅಪೂರ್ಣವೆಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಾಲು ಚಿರಪರಿಚಿತ ಎಮಲ್ಷನ್. ಒಂದು ಲೀಟರ್ ಹಾಲಿನಲ್ಲಿ ಗಾತ್ರದ ಶೇ. 4ರಷ್ಟು ಕೊಬ್ಬು 4 ಮೈಕ್ರೊಮೀಟರ್ ವ್ಯಾಸದ ಗೋಲಗಳಾಗಿ ಹರಡಿದೆಯೆಂದು ಭಾವಿಸಿದರೆ ಅವುಗಳ ಒಟ್ಟು ಮೇಲ್ಮೈ 60 ಚದರ ಮೀಟರ್. ಹೆಚ್ಚಿನ ಒತ್ತಡದಲ್ಲಿ ಗೋಲಗಳನ್ನು ಒಡೆದು ವ್ಯಾಸವನ್ನು 0.5 ಮೈಕ್ರೊಮೀಟರಿಗೆ ಇಳಿಸಿದರೆ ಅದು 480 ಚದರ ಮೀಟರಿಗೆ ಏರುತ್ತದೆ. ಗೋಲಗಳ ಮೂಲ ಪೊರೆ ಇಷ್ಟು ವಿಸ್ತಾರಕ್ಕೆ ಸಾಲದೆ, ಹಾಲಿನ ಕೇಸೀನ್ ಪ್ರೋಟೀನು ಹೊಸ ಮೇಲ್ಮೈಯನ್ನು ಆವರಿಸುತ್ತದೆ. ಇಂತಹ ಆವರಣದಿಂದ ಎರಡು ದ್ರವಗಳ ಗಡಿಯಲ್ಲಿನ ಎಳೆತ ಎಷ್ಟು ತಗ್ಗುತ್ತದೆಂಬುದನ್ನು ತೂಗುಹನಿ ವಿಧಾನದಿಂದ ಅರಿಯಬಹುದು. ಸೂಜಿಯ ತುದಿಯಲ್ಲಿ ತೂಗುವ ಹನಿಯನ್ನು ಗುರುತ್ವ ಕೆಳಕ್ಕೆ ಹಿಗ್ಗಿಸುತ್ತದೆ, ಎಳೆತ ಅದನ್ನು ದುಂಡಗಾಗಿಸಲು ಯತ್ನಿಸುತ್ತದೆ. ಹನಿಯ ಚಿತ್ರದಿಂದ ಎಳೆತವನ್ನು ಗಣಿಸಲಾಗುತ್ತದೆ. ಈ ಗಣನೆಗೆ ಎರಡೂ ದ್ರವಗಳ ಸಾಂದ್ರತೆ ಅಗತ್ಯ. ಮೇಲಾಗಿ, ಪ್ರೋಟೀನುಗಳು ಗಡಿಯನ್ನು ನಿಧಾನವಾಗಿ ಸೇರುವುದರಿಂದ ಎಳೆತವು ಗಂಟೆಗಳ ಕಾಲವೂ ಇಳಿಯುತ್ತಿರಬಹುದು. ಆದುದರಿಂದ ಉಷ್ಣತೆಯೊಡನೆ ಹನಿಯ ವಯಸ್ಸನ್ನೂ ದಾಖಲಿಸಬೇಕು.

ಸರಂಧ್ರ ಘನವಸ್ತುಗಳಲ್ಲಿ ಅಳತೆಗೋಲಾಗುವುದು ಅನಿಲದ ಅಣು. 1938ರಲ್ಲಿ ಬ್ರುನಾವರ್, ಎಮೆಟ್ ಮತ್ತು ಟೆಲ್ಲರ್ ಪ್ರಕಟಿಸಿದ ಸಿದ್ಧಾಂತವು 'ಬಿಇಟಿ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 77 ಕೆಲ್ವಿನ್ ಉಷ್ಣತೆಯಲ್ಲಿ ಮೇಲ್ಮೈಗೆ ಒಂದೇ ಪದರವಾಗಿ ಅಂಟಲು ಬೇಕಾಗುವ ನೈಟ್ರೋಜನ್ ಅಣುಗಳ ಸಂಖ್ಯೆಯನ್ನು ಅದರಿಂದ ಕಂಡುಕೊಂಡು, ಪ್ರತಿ ಅಣುವೂ 0.162 ಚದರ ನ್ಯಾನೊಮೀಟರ್ ಆಕ್ರಮಿಸುತ್ತದೆಂದು ಗುಣಿಸಲಾಗುತ್ತದೆ. ಆದರೆ 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ ಅನಿಲವು ಪದರಗಳಾಗಿ ಕೂರದೆ ರಂಧ್ರವನ್ನೇ ತುಂಬುತ್ತದೆ. ಅಲ್ಲಿ ದೊರೆಯುವುದು ತೋರಿಕೆಯ ವಿಸ್ತೀರ್ಣ ಮಾತ್ರ. ಮೇಲ್ಮೈಯ ರಾಸಾಯನಿಕ ಸ್ವಭಾವಕ್ಕೆ ತಕ್ಕಂತೆ ನೈಟ್ರೋಜನ್ ಅಣುವಿನ ನಿಲುವು ಬದಲಾಗುವುದರಿಂದ, 87 ಕೆಲ್ವಿನ್‌ನಲ್ಲಿ ಆರ್ಗಾನ್ ಬಳಕೆಯನ್ನು ಐಯುಪಿಎಸಿ ಸಂಸ್ಥೆಯ 2015ರ ವರದಿ ಸಮರ್ಥಿಸಿದೆ.

ದೊಡ್ಡ ರಂಧ್ರಗಳಿಗೆ 1921ರಲ್ಲಿ ವಾಶ್‌ಬರ್ನ್ ನೀಡಿದ ಸಮೀಕರಣವನ್ನಾಧರಿಸಿದ ಪಾದರಸ ವಿಧಾನವಿದೆ. ಒತ್ತಡ ಹೆಚ್ಚಿದಂತೆ ಪಾದರಸ ಇನ್ನಷ್ಟು ಕಿರಿದಾದ ರಂಧ್ರಗಳನ್ನು ಹೊಗುತ್ತದೆ. ಇಲ್ಲಿ ಸ್ಪರ್ಶಕೋನವನ್ನು 140 ಡಿಗ್ರಿಗೆ ಬದಲಾಗಿ 130 ಡಿಗ್ರಿ ಎಂದು ಭಾವಿಸಿದರೆ, ಅದೇ ಒತ್ತಡದಿಂದ ಲೆಕ್ಕಹಾಕಿದ ವ್ಯಾಸ ಸುಮಾರು ಶೇ. 16ರಷ್ಟು ಕುಗ್ಗುತ್ತದೆ. ಅಲ್ಲದೆ ಕಿರಿಗೊರಳಿನ ಕುಹರವು ತನ್ನ ಕೊರಳಿನ ಅಳತೆಯನ್ನಷ್ಟೇ ತೋರಿಸುತ್ತದೆ.

ಒಂದೇ ವಸ್ತುವಿಗೆ ಎರಡು ಪ್ರಯೋಗಾಲಯಗಳು ಭಿನ್ನ ಅಂಕಿಗಳನ್ನು ನೀಡಿದಾಗ, ವಸ್ತುವನ್ನೋ ಉಪಕರಣವನ್ನೋ ಶಂಕಿಸುವ ಮೊದಲು ಲೆಕ್ಕದೊಳಗಿನ ಪೂರ್ವಕಲ್ಪನೆಗಳನ್ನು ಹೋಲಿಸುವುದು ಸಂಶೋಧಕರ ಪ್ರಥಮ ಕರ್ತವ್ಯ.